ಫರ್ಗುಸನ್‌ನ ಎರಡು ವರದಿಗಳು ಮತ್ತು ದುರ್ನಯ

2015ರ ಮಾರ್ಚ್ 4ರಂದು ಅಮೆರಿಕದ ನ್ಯಾಯ ಇಲಾಖೆ ಒಂದೇ ಊರಿನ ಬಗ್ಗೆ ಎರಡು ವರದಿಗಳನ್ನು ಒಟ್ಟಿಗೇ ಹೊರಗೆ ಬಿಟ್ಟಿತು. ಊರು ಮಿಸೌರಿ ರಾಜ್ಯದ ಫರ್ಗುಸನ್. ಸೇಂಟ್ ಲೂಯಿಸ್ ನಗರದ ಮಗ್ಗುಲಲ್ಲಿರುವ, ಆಗ ಸುಮಾರು 21,000 ಜನರಿದ್ದ ಪಟ್ಟಣ. 2014ರ ಆಗಸ್ಟ್ 9ರಂದು ಅಲ್ಲಿ ಡ್ಯಾರೆನ್ ವಿಲ್ಸನ್ ಎಂಬ ಬಿಳಿಯ ಪೊಲೀಸ್ ಅಧಿಕಾರಿ 18 ವರ್ಷದ ಮೈಕೆಲ್ ಬ್ರೌನ್ ಎಂಬ ಕಪ್ಪು ಜನಾಂಗದ ಹುಡುಗನನ್ನು ಗುಂಡಿಟ್ಟು ಕೊಂದಿದ್ದರು. ವಿಲ್ಸನ್ ಮೇಲೆ ಮೊಕದ್ದಮೆ ಹೂಡಲು ಆಧಾರ ಸಾಲದು ಎಂದಿತು ಮೊದಲ ವರದಿ. ಅದೇ ಊರಿನ ಪೊಲೀಸರು ಕಪ್ಪು ಜನರ ಹಕ್ಕುಗಳನ್ನು ವರ್ಷಗಟ್ಟಲೆ ತುಳಿದಿದ್ದಾರೆ ಎಂದಿತು ಎರಡನೆಯದು. ಕೂಡಲೇ ಎರಡು ಪಾಳಯಗಳು ತಮಗೆ ಹಿಡಿಸಿದ ವರದಿಯನ್ನು ಎತ್ತಿಕೊಂಡು ಇನ್ನೊಂದನ್ನು ಬದಿಗೆ ಸರಿಸಿದವು. ಎತ್ತಿ ತೋರಿಸಿದ್ದೆಲ್ಲ ವರದಿಯಲ್ಲಿ ಇದ್ದದ್ದೇ. ಹಾಗಾದರೆ ತಪ್ಪು ಎಲ್ಲಾಯಿತು?

ಪಕ್ಷಪಾತ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಪಕ್ಷಪಾತ ಮಾತಾಡುವವನ ಮನಸ್ಸಿನೊಳಗಿನ ಸಂಗತಿ, ಒಳಹೊಕ್ಕು ನೋಡಿ ಬಂದವರು ಯಾರೂ ಇಲ್ಲ. ಜೈನ ತಾರ್ಕಿಕರು ದೋಷವನ್ನು ಮಾತಿನ ಕಟ್ಟಿನಲ್ಲೇ ಹುಡುಕಿದರು. ಅದಕ್ಕೆ ಅವರಿಟ್ಟ ಹೆಸರು ದುರ್ನಯ.

ಅವರ ವಾದದ ತಳಹದಿ ಅನೇಕಾಂತ. ಯಾವ ವಸ್ತುವಿಗೂ, ಯಾವ ಘಟನೆಗೂ ಎಣಿಸಲಾಗದಷ್ಟು ಮುಖಗಳಿವೆ. ವಸ್ತುವನ್ನು ಇಡಿಯಾಗಿ ಹಿಡಿಯುವ ಜ್ಞಾನ ಪ್ರಮಾಣ; ಒಂದು ಮುಖವನ್ನು ಆರಿಸಿಕೊಂಡು ನೋಡುವ ಬಗೆ ನಯ. ನಯದಲ್ಲಿ ತಪ್ಪೇನಿಲ್ಲ, ಮಾತು ಒಮ್ಮೆಗೆ ಒಂದನ್ನಷ್ಟೇ ಹೇಳಬಲ್ಲದು. ಆದರೆ ಹೇಳುತ್ತಿರುವ ಮುಖದ ಹೊರತು ಬೇರೆ ಮುಖವೇ ಇಲ್ಲ ಎಂದು ಹಟ ಹಿಡಿದ ಕ್ಷಣ ನಯ ದುರ್ನಯವಾಗುತ್ತದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತಾರೆ. ಇದೆ ಎಂದಷ್ಟೇ ಹೇಳಿದರೆ ಅದು ನಯ. ಇರುವುದು ಇದೊಂದೇ ಬಗೆಯಲ್ಲಿ, ಬೇರೆ ಮಾತೇ ಇಲ್ಲ ಎಂದರೆ ದುರ್ನಯ. ಈ ಒಂದು ಅಪೇಕ್ಷೆಯಿಂದ, ಅಂದರೆ ಈ ಒಂದು ದೃಷ್ಟಿಯಿಂದ, ನೋಡಿದಾಗ ಹೀಗಿದೆ ಎಂದರೆ ಪ್ರಮಾಣ. ಅವರಿಗಿಂತ ಶತಮಾನಗಳ ಹಿಂದೆ, ಶ್ರವಣಬೆಳಗೊಳದ ಶಾಸನಗಳು ಕೊಂಡಾಡುವ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಿದ್ದರು: ಒಂದನ್ನೊಂದು ಲೆಕ್ಕಕ್ಕಿಟ್ಟುಕೊಳ್ಳದ ನಯಗಳು ಹುಸಿ, ಇಟ್ಟುಕೊಂಡರೆ ಮಾತ್ರ ಅವುಗಳಿಗೆ ವಸ್ತು ದಕ್ಕುತ್ತದೆ.

ಅನೇಕಾಂತ ಎಂದೊಡನೆ ಆನೆ ಮುಟ್ಟಿದ ಕುರುಡರ ಕತೆ ಹೇಳುವುದು ರೂಢಿ. ಸುದ್ದಿಯ ವಿಚಾರಕ್ಕೆ ಆ ಕತೆ ಹೊಂದುವುದಿಲ್ಲ ಎಂದು ನನ್ನ ಅನಿಸಿಕೆ. ಕುರುಡರು ಕೈಗೆ ಸಿಕ್ಕಿದ್ದನ್ನು ಹೇಳಿದರು, ಅವರಿಗೆ ಬೇರೆ ದಾರಿಯಿರಲಿಲ್ಲ. ಸುದ್ದಿಮನೆಯ ಮೇಜಿನ ಮೇಲೆ ಇಡೀ ಫೈಲು ಬಿದ್ದಿರುತ್ತದೆ, ಯಾವ ಹಾಳೆ ಎತ್ತಬೇಕೆಂಬುದು ಅಲ್ಲಿ ಕೂತವರ ಆಯ್ಕೆ.

ಎತ್ತಿದ್ದು ಹೇಗೆ ಎಂದು ನೋಡಿ. 2014ರ ಆಗಸ್ಟ್ 15ರಂದು ಫರ್ಗುಸನ್ ಪೊಲೀಸ್ ಮುಖ್ಯಸ್ಥ ಥಾಮಸ್ ಜಾಕ್ಸನ್, ಗುಂಡು ಹಾರಿಸಿದವರು ವಿಲ್ಸನ್ ಎಂದು ಕೊನೆಗೂ ಹೆಸರು ಹೇಳಿದರು. ಆ ಬೆಳಗ್ಗೆಯೇ ಪತ್ರಕರ್ತರಿಗೆ ಇನ್ನೊಂದನ್ನೂ ಕೊಟ್ಟರು. ಸಾಯುವುದಕ್ಕೆ ಸ್ವಲ್ಪ ಮುಂಚೆ ಬ್ರೌನ್ ಅಂಗಡಿಯೊಂದರಲ್ಲಿ ಸಿಗಾರ್ ಪೊಟ್ಟಣ ಎತ್ತಿಕೊಂಡು, ಅಡ್ಡ ಬಂದ ಅಂಗಡಿಯಾತನನ್ನು ತಳ್ಳಿ ಹೋಗುವ ಸಿಸಿಟಿವಿ ದೃಶ್ಯ ಅದು. ದೃಶ್ಯ ನಿಜವೇ. ಆದರೆ ಆ ದಿನ ಸುದ್ದಿಯಾಗಬೇಕಿದ್ದ ಹೆಸರನ್ನು ಅದು ನುಂಗಿ ಹಾಕಿತು. ಕೊಂದವರು ಯಾರು ಎಂಬಲ್ಲಿಂದ ಸತ್ತವನು ಎಂಥವನು ಎಂಬಲ್ಲಿಗೆ ಪ್ರಶ್ನೆ ಜಾರಿತು. ವಿಲ್ಸನ್ ಹುಡುಗನನ್ನು ಮೊದಲು ತಡೆದದ್ದಕ್ಕೂ ಆ ಕಳವಿಗೂ ಸಂಬಂಧವಿಲ್ಲವೆಂದು ಅದೇ ದಿನ ಜಾಕ್ಸನ್ ಅವರೇ ಹೇಳಬೇಕಾಯಿತು, ಅಷ್ಟರಲ್ಲಿ ದೃಶ್ಯ ಮನೆಮನೆ ತಲುಪಿತ್ತು. ಹತ್ತು ದಿನದ ಬಳಿಕ, ಅಂತ್ಯಕ್ರಿಯೆಯ ದಿನವೇ ಪ್ರಕಟವಾದ ಬರಹದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬ್ರೌನ್ ದೇವದೂತನೇನಲ್ಲ ಎಂಬರ್ಥದ ಮಾತು ಬರೆದು ಬೈಸಿಕೊಂಡಿತು. ಆ ಪದಪ್ರಯೋಗ ಆಗಬಾರದಿತ್ತೆಂದು ಪತ್ರಿಕೆಯ ಓದುಗರ ಪರ ಸಂಪಾದಕಿ ಮಾರ್ಗರೆಟ್ ಸಲಿವನ್ ಬರೆದರು. ಫೋಟೊಗಳದ್ದೂ ಇದೇ ಕತೆ. ಪದವಿಯ ಗೌನು ತೊಟ್ಟ ಬ್ರೌನ್‌ನ ಚಿತ್ರವೂ ಇತ್ತು, ರಸ್ತೆಯ ಪುಂಡನಂತೆ ಕಾಣಿಸಬಹುದಾದ ಚಿತ್ರವೂ ಇತ್ತು. ಕಪ್ಪು ತರುಣರು ತಮ್ಮವೇ ಎರಡೆರಡು ಫೋಟೊಗಳನ್ನು ಟ್ವಿಟರ್‌ಗೆ ಹಾಕಿ, ನನ್ನನ್ನು ಕೊಂದರೆ ಇವುಗಳಲ್ಲಿ ಯಾವುದನ್ನು ತೋರಿಸುತ್ತೀರಿ ಎಂದು ಕೇಳಿದರು. ದುರ್ನಯ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ.

ಇಲ್ಲೊಂದು ಗೆರೆ ಎಳೆಯಲೇಬೇಕು. ಅನೇಕಾಂತವೆಂದರೆ ಎಲ್ಲರ ಮಾತೂ ಅಷ್ಟಷ್ಟು ನಿಜ ಎಂದಲ್ಲ. ನಯವಾಗಬೇಕಾದರೂ ಮಾತು ವಸ್ತುವಿನಲ್ಲಿ ಇರುವ ಮುಖವನ್ನೇ ಹೇಳಬೇಕು. ಬ್ರೌನ್ ಎರಡೂ ಕೈ ಎತ್ತಿ ಶರಣಾಗಿದ್ದಾಗಲೇ ಗುಂಡು ಬಿತ್ತು ಎಂಬುದು ದೇಶವಿಡೀ ಘೋಷಣೆಯಾಯಿತು. ಹಾಗೆಂದ ಸಾಕ್ಷಿಗಳ ಮಾತು ನಂಬುವಂತಿಲ್ಲ, ಭೌತಿಕ ಪುರಾವೆಗೆ ತಾಳೆಯಾಗುವುದಿಲ್ಲ ಎಂದು ಮೊದಲ ವರದಿ ತೀರ್ಮಾನಿಸಿತು. ‘ವಾಷಿಂಗ್ಟನ್ ಪೋಸ್ಟ್’ನ ಅಂಕಣಕಾರ, ಸ್ವತಃ ಕಪ್ಪು ಜನಾಂಗದ ಜೊನಾಥನ್ ಕೇಪ್‌ಹಾರ್ಟ್ ಎರಡೂ ವರದಿಗಳನ್ನು ಓದಿ ಅದನ್ನು ನೇರವಾಗಿ ಒಪ್ಪಿಕೊಂಡರು. ಅತ್ತ, ಬ್ರೌನ್ ಹೊಡೆತಕ್ಕೆ ವಿಲ್ಸನ್ ಅವರ ಕಣ್ಣಗೂಡಿನ ಮೂಳೆಯೇ ಮುರಿದಿದೆ ಎಂಬ ಸುದ್ದಿ ಹರಿದಾಡಿತು, ಮೂಳೆ ಮುರಿದಿರಲಿಲ್ಲ. ಇವೆರಡೂ ದುರ್ನಯದ ಲೆಕ್ಕಕ್ಕೇ ಬರುವುದಿಲ್ಲ, ಬರೀ ಅಸತ್ಯ. ಇಂಥವು ಪರೀಕ್ಷೆಗೆ ನಿಲ್ಲುವುದಿಲ್ಲ, ಕೊನೆಗೊಂದು ದಿನ ಸಿಕ್ಕಿಬೀಳುತ್ತವೆ. ದುರ್ನಯ ಸಿಕ್ಕಿಬೀಳುವುದಿಲ್ಲ, ಅದರ ಪ್ರತಿ ವಾಕ್ಯಕ್ಕೂ ದಾಖಲೆ ಇರುತ್ತದೆ. ಅದಕ್ಕೇ ಅದು ಹೆಚ್ಚು ಅಪಾಯಕಾರಿ.

ಜೈನರು ಏಳು ನಯಗಳನ್ನು ಎಣಿಸುತ್ತಾರೆ, ನಮಗಿಲ್ಲಿ ಎರಡು ಸಾಕು. ಹಿಂದುಮುಂದಿನದನ್ನು ಬಿಟ್ಟು ಎದುರಿಗಿರುವ ಕ್ಷಣವನ್ನಷ್ಟೇ ನೋಡುವುದು ಋಜುಸೂತ್ರ ನಯ. ಬಿಡಿಬಿಡಿಯಾದವನ್ನು ಒಟ್ಟುಗೂಡಿಸಿ ಅವುಗಳಿಗೆ ಸಮಾನವಾದದ್ದನ್ನು ನೋಡುವುದು ಸಂಗ್ರಹ ನಯ. ಮೊದಲ ವರದಿ ಋಜುಸೂತ್ರದ ಜಾತಿಯದು. ಅದರ 86 ಪುಟಗಳ ಗಮನವೆಲ್ಲ ಒಂದೆರಡು ನಿಮಿಷದ ಮೇಲೆ: ಪೊಲೀಸ್ ವಾಹನದ ಕಿಟಕಿಯಲ್ಲಿ ನಡೆದ ಜಗ್ಗಾಟ, ಒಳಗೇ ಹಾರಿದ ಗುಂಡು, ಬ್ರೌನ್ 180 ಅಡಿಯಷ್ಟು ಓಡಿದ್ದು, ತಿರುಗಿ ವಿಲ್ಸನ್ ಕಡೆಗೆ ಬಂದನೆಂದು ರಸ್ತೆಯ ಮೇಲಿನ ರಕ್ತದ ಕಲೆಗಳು ಹೇಳಿದ್ದು.

ಎರಡನೆಯದು ಸಂಗ್ರಹ. ಊರಲ್ಲಿ ಕಪ್ಪು ಜನರ ಪಾಲು ಶೇ 67, ಬಂಧಿತರಲ್ಲಿ ಶೇ 93. ಕೋರ್ಟಿನ ದಂಡವೇ ಪುರಸಭೆಗೆ ಆದಾಯದ ಮೂಲವಾಗಿತ್ತು. ಒಬ್ಬ ಹೆಂಗಸು 2007ರಲ್ಲಿ ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದ್ದಕ್ಕೆ 151 ಡಾಲರ್ ದಂಡ, ಮೇಲೆ ಶುಲ್ಕ ಬಿತ್ತು. ಕೈಯಲ್ಲಿ ಕಾಸಿಲ್ಲದೆ ಕಂತು ತಪ್ಪಿತು, ಕೋರ್ಟಿಗೆ ಹಾಜರಾಗುವುದೂ ತಪ್ಪಿತು. ತಪ್ಪಿದಾಗಲೆಲ್ಲ ಹೊಸ ದಂಡ, ವಾರಂಟ್, ಆರು ದಿನ ಜೈಲು. ಏಳು ವರ್ಷದಲ್ಲಿ 550 ಡಾಲರ್ ಕಟ್ಟಿದ ಮೇಲೂ 2014ರ ಡಿಸೆಂಬರಿನಲ್ಲಿ ಆಕೆಯ ಹೆಸರಲ್ಲಿ ಇನ್ನೂ 541 ಡಾಲರ್ ಬಾಕಿ ಇತ್ತು.

ಈ ಎರಡು ನಯಗಳು ಒಂದನ್ನೊಂದು ಮುಟ್ಟುವ ಜಾಗವೂ ವರದಿಗಳಲ್ಲೇ ಇದೆ. ಅಂದು ಬ್ರೌನ್ ಮತ್ತು ಗೆಳೆಯ ಕ್ಯಾನ್‌ಫೀಲ್ಡ್ ಡ್ರೈವ್ ರಸ್ತೆಯ ನಡುವೆ ನಡೆದು ಹೋಗುತ್ತಿದ್ದರು. ಫುಟ್‌ಪಾತ್ ಮೇಲೆ ಹೋಗಿ ಎಂದು ವಿಲ್ಸನ್ ಹೇಳಿದ್ದರಿಂದ ಎಲ್ಲ ಶುರುವಾಯಿತು. ರಸ್ತೆಯಲ್ಲಿ ಸರಿಯಾಗಿ ನಡೆಯಲಿಲ್ಲ ಎಂಬುದೇ ಆಗ ಫರ್ಗುಸನ್‌ನಲ್ಲಿ ಒಂದು ಅಪರಾಧವಾಗಿತ್ತು. ಆ ಆರೋಪ ಹೊತ್ತವರಲ್ಲಿ ಶೇ 95 ಕಪ್ಪು ಜನ ಎನ್ನುತ್ತದೆ ಎರಡನೆಯ ವರದಿ. ಈ ಅಂಕಿಯಿಂದ ವಿಲ್ಸನ್ ಅಪರಾಧಿಯಾಗುವುದಿಲ್ಲ. ರಕ್ತದ ಕಲೆಗಳಿಂದ ಊರಿನ ಪೊಲೀಸ್ ವ್ಯವಸ್ಥೆ ನಿರ್ದೋಷಿಯಾಗುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ಬರೆದ ಸುದ್ದಿ ಮಾತ್ರ ಸಮಂತಭದ್ರರ ಅರ್ಥದಲ್ಲಿ ವಸ್ತುವನ್ನು ಮುಟ್ಟಿದಂತೆ.

ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು ಎಂದು ಸ್ಟುಡಿಯೊದಲ್ಲಿ ಕೂರಿಸಿ ಕೂಗಾಡಿಸುವುದನ್ನು ನಮ್ಮ ಚಾನೆಲ್‌ಗಳು ಸಮತೋಲನ ಎನ್ನುತ್ತವೆ. ಅಲ್ಲಿ ನಡೆಯುವುದು ಎರಡು ದುರ್ನಯಗಳ ಜಗಳ. ಯಾವ ಅಪೇಕ್ಷೆಯಿಂದ ಈ ಮಾತು ಹೇಳುತ್ತಿದ್ದೀರಿ ಎಂದು ನಿರೂಪಕರು ಯಾರನ್ನೂ ಕೇಳುವುದಿಲ್ಲ, ಕೇಳಿದರೆ ಕಾರ್ಯಕ್ರಮ ಮುಗಿದುಹೋಗುತ್ತದೆ.

ಅಪೇಕ್ಷೆಯನ್ನು ಬಾಯಿಬಿಟ್ಟು ಹೇಳಿದ್ದು ಒಬ್ಬ ವಕೀಲ. 2018ರ ಚುನಾವಣೆಯಲ್ಲಿ ಗೆದ್ದು ಸೇಂಟ್ ಲೂಯಿಸ್ ಕೌಂಟಿಯ ಮೊದಲ ಕಪ್ಪು ಪ್ರಾಸಿಕ್ಯೂಟರ್ ಆದ ವೆಸ್ಲಿ ಬೆಲ್, ಕಡತವನ್ನು ಮತ್ತೆ ತೆರೆಸಿ ಪರಿಶೀಲಿಸಿದರು. 2020ರ ಜುಲೈ 30ರಂದು ಅವರು ಹೇಳಿದ್ದಿಷ್ಟು: ಕೊಲೆಯ ಆರೋಪವನ್ನು ಕೋರ್ಟಿನಲ್ಲಿ ಸಾಬೀತು ಮಾಡಲು ನಮ್ಮಿಂದ ಆಗದು, ಹಾಗೆಂದು ವಿಲ್ಸನ್ ತಪ್ಪೇ ಮಾಡಿಲ್ಲ ಎಂದು ನಾವು ಹೇಳುತ್ತಿಲ್ಲ, ಅವು ಎರಡು ಬೇರೆ ಪ್ರಶ್ನೆಗಳು.