ವೃದ್ಧಾಪ್ಯದಲ್ಲಿ ದೇಹಧರ್ಮ



ಮುಪ್ಪು ಅಡಿಯಿಟ್ಟ ಮನೆಗಳಲ್ಲಿ ಎರಡು ಮಾತುಗಳು ಪದೇ ಪದೇ ಕಿವಿಗೆ ಬೀಳುತ್ತವೆ. ಹಿರಿಯರು, "ಇನ್ನೇನ್ ಉಳದದ, ಹರಿ ಕರದಾಗ ಹೋಗೋದು, ಈ ಗುಳಗಿ ಯಾಕ ಬೇಕು?" ಎನ್ನುತ್ತಾರೆ. ಕಿರಿಯರು, "ನೀವು ಸುಮ್ಮ ಕೂಡ್ರಿ, ಎಲ್ಲಾ ನಾವು ನೋಡ್ಕೋತೀವಿ" ಎನ್ನುತ್ತಾರೆ. ಮೊದಲನೆಯದು ವೈರಾಗ್ಯದಂತೆಯೂ ಎರಡನೆಯದು ಸೇವೆಯಂತೆಯೂ ತೋರುತ್ತದೆ. ಅವು ನಿಜವಾಗಿಯೂ ಹಾಗೆಯೇ ಇವೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಜೀವನು ಅಸ್ವತಂತ್ರನೆಂಬುದು ನಮ್ಮ ಸಿದ್ಧಾಂತ. ಹಾಗಿದ್ದಮೇಲೆ ಈ ದೇಹವೂ ನಮ್ಮ ಸ್ವತ್ತಲ್ಲ. ಸಾಧನೆಗಾಗಿ ಒಡೆಯನು ನಮ್ಮ ಕೈಯಲ್ಲಿಟ್ಟ ಉಪಕರಣ. ಪರರು ನಂಬಿ ಕೊಟ್ಟ ಪಾತ್ರೆಯನ್ನು ತುಕ್ಕು ಹಿಡಿಯಲು ಬಿಟ್ಟು, "ನನಗೆ ಅದರಲ್ಲಿ ಮೋಹವಿಲ್ಲ" ಎಂದರೆ ಯಾವ ಒಡೆಯನು ಒಪ್ಪಿಯಾನು? ಶಾಸ್ತ್ರವಿಧಿಯಿಲ್ಲದ ಘೋರ ತಪಸ್ಸಿನಿಂದ ಶರೀರವನ್ನು ಕೃಶಗೊಳಿಸುವವರು ಒಳಗಿರುವ ತನ್ನನ್ನೂ ನೋಯಿಸುತ್ತಾರೆಂದು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಎಚ್ಚರಿಸಿದ್ದಾನೆ. ಮೋಹವನ್ನು ಬಿಡುವುದು ಬೇರೆ, ಪಾಲನೆಯನ್ನು ಬಿಡುವುದು ಬೇರೆ.

"ಏಕಾದಶಿಯು ಶಾಸ್ತ್ರವಿಹಿತವೇ ಅಲ್ಲವೇ?" ಎಂದು ಕೆಲವರು ಕೇಳಬಹುದು. ನಿಸ್ಸಂದೇಹವಾಗಿ ವಿಹಿತ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಅದರ ಮಹಿಮೆಯನ್ನು ವಿಸ್ತಾರವಾಗಿ ತಿಳಿಸಿದ್ದಾರೆ. ಆದರೆ ಉಪವಾಸದ ಕಟ್ಟಳೆಗೆ ಎಂಟರಿಂದ ಎಂಬತ್ತರವರೆಗಿನ ವಯಸ್ಸನ್ನು ಹೇಳಿದ್ದೂ ಧರ್ಮಶಾಸ್ತ್ರವೇ. ನೀರು, ಹಣ್ಣು, ಹಾಲು, ಗುರುವಿನ ಮಾತು, ಔಷಧ ಮೊದಲಾದವು ವ್ರತಕ್ಕೆ ಭಂಗ ತರುವುದಿಲ್ಲವೆಂದು ಹೇಳಿದ್ದು ಮಹಾಭಾರತವೇ. ಈ ವಿನಾಯಿತಿಗಳು ಸೋಮಾರಿಗಳಿಗಾಗಿ ಹೇಳಿದವಲ್ಲ, ಅಶಕ್ತರಿಗಾಗಿ ಹೇಳಿದವು.

ಜಮಖಂಡಿ, ಮುಧೋಳಗಳ ನಮ್ಮ ಸೀಮೆ ಕಬ್ಬು-ಬೆಲ್ಲಗಳ ಸೀಮೆ; ಸಿಹಿಮೂತ್ರದ ಕಾಯಿಲೆಯುಳ್ಳ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರು ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆಗಳನ್ನು ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ತಡವರಿಸುವ ಮಾತು ಕಾಣಿಸಿಕೊಂಡು, ಕೊನೆಗೆ ಪ್ರಜ್ಞೆ ತಪ್ಪಬಹುದು. ಔಷಧವನ್ನೇ ಬಿಟ್ಟರೆ ಸಕ್ಕರೆ ಏರಿ ಬೇರೊಂದು ಅಪಾಯ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುವುದರಿಂದ, ನಮ್ಮ ಕಡೆಯ ಬಿರುಬೇಸಗೆಯಲ್ಲಿ ನೀರನ್ನೂ ಬಿಟ್ಟರೆ ಮೂತ್ರಪಿಂಡಗಳಿಗೆ ಪೆಟ್ಟು ಬೀಳಬಹುದು. ಆದುದರಿಂದ ಏಕಾದಶಿಗೆ ಮೊದಲೇ ವೈದ್ಯರನ್ನೂ ಮಠದ ಆಚಾರ್ಯರನ್ನೂ ಕೇಳಿ, ಫಲಾಹಾರವೋ ಕ್ಷೀರಾಹಾರವೋ ಎಂಬುದನ್ನು ನಿಶ್ಚಯಿಸಿಕೊಳ್ಳುವುದು ವಿವೇಕ. ಸಕ್ಕರೆ ಇಳಿದ ಲಕ್ಷಣ ಕಂಡರೆ, ಇಂದು ಏಕಾದಶಿಯೆಂದು ಹಿಂಜರಿಯದೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಚಾತುರ್ಮಾಸ್ಯದಲ್ಲಿಯೂ ಇದೇ ವಿವೇಕ ಬೇಕು. ಮುಪ್ಪಿನಲ್ಲಿ ಸ್ನಾಯುಗಳು ಕರಗುತ್ತವೆ. ಅವಕ್ಕೆ ಬೇಳೆ, ಹಾಲು, ಮೊಸರುಗಳ ಸತ್ತ್ವ ಅವಶ್ಯ. ಕ್ಷೀರವ್ರತದಲ್ಲಿ ಹಾಲು ಬಿಟ್ಟವರಿಗೆ ಮೊಸರು, ಬೇಳೆಗಳಿವೆ. ದ್ವಿದಳವ್ರತದಲ್ಲಿ ಬೇಳೆ ಬಿಟ್ಟವರಿಗೆ ಹಾಲು, ಮೊಸರುಗಳಿವೆ. ವ್ರತದ ನೆಪದಲ್ಲಿ ಬರಿಯ ಅನ್ನ-ಸಾರಿನಿಂದ ತಿಂಗಳು ಕಳೆಯಬೇಕಾಗಿಲ್ಲ. ಹಲ್ಲಿಲ್ಲದವರು ರೊಟ್ಟಿಯ ಬದಲು ಜೋಳದ ನುಚ್ಚಿಗೆ ಮಜ್ಜಿಗೆ ಬೆರೆಸಿ ಉಣ್ಣಬಹುದು. ಮಡಿಯ ವಿಷಯದಲ್ಲಿ ಒಂದು ಮಾತು: ನಸುಕಿನ ಕತ್ತಲೆಯಲ್ಲಿ ನುಣುಪಾದ ಬಚ್ಚಲಿನ ಕಲ್ಲಿನ ಮೇಲೆ ಒದ್ದೆ ಪಂಚೆ, ಒದ್ದೆ ಸೀರೆಯಲ್ಲಿ ಜಾರಿದರೆ ಸೊಂಟದ ಎಲುಬು ಮುರಿಯುತ್ತದೆ, ಆಮೇಲೆ ಮಡಿಯೂ ಇಲ್ಲ, ನಡೆಯೂ ಇಲ್ಲ. ಬಚ್ಚಲಿಗೆ ಒಂದು ದೀಪ, ಗೋಡೆಗೊಂದು ಹಿಡಿಕೆ ಇರಲಿ.

ಇನ್ನು ಕಿರಿಯರ ಮಾತು. ರಬಕವಿ-ಬನಹಟ್ಟಿಯ ಕೈಮಗ್ಗದ ಮನೆಗಳನ್ನು ನೋಡಿರಿ. ಮಗ್ಗದ ಮೇಲೆ ಕೂಡಲಾಗದ ವೃದ್ಧರು ಒಂದು ಬದಿಗೆ ಕುಳಿತು ಕಂಡಿಕೆ ಸುತ್ತುತ್ತಾರೆ. ಆ ಕಂಡಿಕೆಯಿಲ್ಲದೆ ಲಾಳಿ ಓಡದು. ಅವರ ಕೈಗಾಗಿ ಇಡೀ ಮನೆ ಕಾದಿರುತ್ತದೆ. ನಮ್ಮ ಅನೇಕ ಮನೆಗಳಲ್ಲಾದರೋ ಪ್ರೀತಿಯಿಂದಲೇ ಹಿರಿಯರ ಕೈಯಿಂದ ಒಂದೊಂದೇ ಕೆಲಸವನ್ನು ಕಿತ್ತುಕೊಂಡು, ಕೊನೆಗೆ ಅವರಿಗೆ ಒಂದು ಕುರ್ಚಿಯನ್ನು ಮಾತ್ರ ಉಳಿಸುತ್ತೇವೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮನೆಗಳಲ್ಲಿ ಆ ಕುರ್ಚಿಯ ಎದುರು ಮಾತನಾಡುವವರೂ ಇಲ್ಲ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರಿಗೆ ಹೊಸ ಮನೆ ಸಿಕ್ಕಿತು; ಆದರೆ ಹಳೆಯ ಗುಡಿಯ ಕಟ್ಟೆ, ಅಲ್ಲಿ ಸಂಜೆ ಕೂಡುತ್ತಿದ್ದ ನಾಲ್ಕು ಜನ ಒಟ್ಟಿಗೆ ಬರಲಿಲ್ಲ. ಮನಸ್ಸಿನ ಕುಗ್ಗುವಿಕೆ ಹೀಗೆಯೇ ಸದ್ದಿಲ್ಲದೆ ಹೊಕ್ಕುತ್ತದೆ. ಊಟ ಸೇರದಿರುವುದು, ನಿದ್ರೆ ಬಾರದಿರುವುದು, ಸ್ತೋತ್ರದಲ್ಲಿಯೂ ರುಚಿ ಹೋಗುವುದು ವಾರಗಟ್ಟಲೆ ಮುಂದುವರಿದರೆ, ಅದನ್ನು ವಯಸ್ಸಿನ ಸಹಜ ಧರ್ಮವೆಂದು ಬಿಡಬಾರದು. ಅದು ಚಿಕಿತ್ಸೆಗೆ ಒಗ್ಗುವ ಕಾಯಿಲೆ. 2022ರಿಂದ ನಡೆದಿರುವ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಸಲಹೆ ಕೇಳಬಹುದು.

ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ಗುರುದೇವ ರಾನಡೆಯವರ ಬಾಳು ಇಲ್ಲಿ ಸ್ಮರಣೀಯ. ಯೌವನದಲ್ಲಿಯೇ ಕಠಿನ ರೋಗಕ್ಕೆ ತುತ್ತಾಗಿದ್ದ ಕೃಶ ಶರೀರ ಅವರದು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಕುಲಪತಿಗಳೂ ಆಗಿದ್ದು, ನಿವೃತ್ತರಾದ ಮೇಲೆ ನಿಂಬಾಳದಲ್ಲಿ ನೆಲೆಸಿ, 1957ರಲ್ಲಿ ದೇಹ ಬಿಡುವವರೆಗೂ ಧ್ಯಾನವನ್ನೂ ಗ್ರಂಥಚಿಂತನೆಯನ್ನೂ ಬಿಡಲಿಲ್ಲ. ದುರ್ಬಲ ದೇಹವನ್ನು ಅವರು ಮುದ್ದಿಸಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಅದರಿಂದ ಕೆಲಸ ತೆಗೆದುಕೊಂಡರು.

ಆದುದರಿಂದ ಹಿರಿಯರಲ್ಲಿ ನಮ್ಮ ಪ್ರಾರ್ಥನೆ: ಗುಳಿಗೆಯನ್ನು ತೀರ್ಥದಷ್ಟೇ ನಿಯಮದಿಂದ ತೆಗೆದುಕೊಳ್ಳಿರಿ, ವೈದ್ಯರು ಬೇಡವೆನ್ನದಿದ್ದರೆ ದಿನವೂ ಅರ್ಧ ತಾಸು ನಡೆಯಿರಿ, ಪ್ರದಕ್ಷಿಣೆಯೂ ನಡಿಗೆಯೇ. ಕಿರಿಯರಲ್ಲಿ ಪ್ರಾರ್ಥನೆ: ಹೂವು ಬಿಡಿಸುವುದು, ಬತ್ತಿ ಹೊಸೆಯುವುದು, ಪಂಚಾಂಗ ನೋಡಿ ತಿಥಿ ಹೇಳುವುದು, ಮೊಮ್ಮಕ್ಕಳಿಗೆ ಸ್ತೋತ್ರ ಕಲಿಸುವುದು, ಇವುಗಳಲ್ಲಿ ಒಂದನ್ನಾದರೂ ಅವರಿಗೇ ಬಿಡಿರಿ, ಅದು ತಡವಾದರೆ ಕಾಯಿರಿ. ಬರುವ ದ್ವಾದಶಿಯ ಪಾರಣೆಗೆ ಒಂಟಿಯಾಗಿರುವ ಒಬ್ಬ ಹಿರಿಯರನ್ನು ಮನೆಗೆ ಕರೆದರೆ ಅದೂ ಹರಿಸೇವೆಯೇ.

ಶ್ರೀಹರಿವಾಯುಗುರುಗಳು ಸರ್ವರಿಗೂ ಆಯುರಾರೋಗ್ಯವನ್ನೂ ಕೊನೆಯ ಉಸಿರಿನವರೆಗೆ ಸಾಧನೆಯ ಆಸಕ್ತಿಯನ್ನೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥