ಮೈಲಿಗೆಯನ್ನು ಅಳೆಯುವವರು ಯಾರು?

ನಾವು ಮುಟ್ಟಿದರೆ ನೀರು ಮೈಲಿಗೆ ಅಂದರು. ಅದನ್ನು ಅಳೆಯಲು ಯಂತ್ರ ಬೇಕಿರಲಿಲ್ಲ, ನಮ್ಮ ಹುಟ್ಟೇ ಸಾಕಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಆ ಕೆರೆಗೆ ಪಂಚಗವ್ಯ ಸುರಿದು ‘ಶುದ್ಧ’ ಮಾಡಿದರು. ಇಲ್ಲದ ಕೊಳೆಯನ್ನು ಕಂಡ ಈ ಸಮಾಜ, ಇರುವ ಕೊಳೆಯನ್ನು ಹುಡುಕುತ್ತದೆಯೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ: ಇದು ಬಂಡೆಯ ಸೀಮೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಇಲ್ಲಿನ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಗ್ರಾನೈಟಿನಲ್ಲಿ ಯುರೇನಿಯಂ ಅಂಶವಿದೆ. ಬಿರುಕುಗಳಲ್ಲಿ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಅದರ ಸಂತತಿಯೇ ರೇಡಾನ್ ಎಂಬ ಅನಿಲ. ರೇಡಾನ್ 3.8 ದಿನಕ್ಕೆ ಅರ್ಧಕ್ಕಿಳಿಯುತ್ತದೆ, ಗಾಳಿಯಾಡಿದರೆ ಹಾರಿಹೋಗುತ್ತದೆ. ಅದಕ್ಕೇ ಕಣ್ವ, ಮಂಚನಬೆಲೆ ಜಲಾಶಯಗಳಲ್ಲಿ, ಹರಿಯುವ ಅರ್ಕಾವತಿಯಲ್ಲಿ ಅದರ ಭಯ ಕಡಿಮೆ. ಯುರೇನಿಯಂ ಹಾಗಲ್ಲ. ಕುದಿಸಿದರೂ ಹೋಗಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೆಚ್ಚಾದರೆ ಪೆಟ್ಟು ಬೀಳೋದು ಮೂತ್ರಪಿಂಡಕ್ಕೆ.

2012ರಲ್ಲಿ, ಮುಚ್ಚಿದ ಕೋಲಾರದ ಚಿನ್ನದ ಗಣಿಗೆ ಅಣುತ್ಯಾಜ್ಯ ತುಂಬುವ ಮಾತು ಬಂದಾಗ ಅಲ್ಲಿನ ಜನ ಬೀದಿಗಿಳಿದರು. ಅಂಥ ಯೋಜನೆಯೇ ಇಲ್ಲ ಅಂತ ಸರ್ಕಾರ ಹೇಳಬೇಕಾಯಿತು. ಅಲ್ಲಿ ಎದುರಾಳಿ ಕಣ್ಣಿಗೆ ಕಾಣುತ್ತಿದ್ದ. ಇಲ್ಲಿ ಯಾವ ಲಾರಿಯೂ ಬರುವುದಿಲ್ಲ. ಹಾಗಾದರೆ ಯಾರ ವಿರುದ್ಧ ಘೋಷಣೆ ಕೂಗೋಣ? ಕಲ್ಲಿನ ವಿರುದ್ಧವೇ?

ಕಲ್ಲಿಗೆ ಜಾತಿ ಗೊತ್ತಿಲ್ಲ, ಅದು ತಪ್ಪಿತಸ್ಥನೂ ಅಲ್ಲ. ಆದರೆ ಕೆರೆಗಳಲ್ಲಿ ಹೂಳು ತುಂಬಿಸಿದ್ದು ಕಲ್ಲಲ್ಲ. ಸೇದುವ ಬಾವಿ ಬತ್ತಿಸಿ ಕೊಳವೆಯನ್ನು ನೂರಾರು ಅಡಿ ಇಳಿಸಿದ್ದೂ ಕಲ್ಲಲ್ಲ. ಆಳಕ್ಕೆ ಹೋದಷ್ಟೂ ನೀರು ಬಂಡೆಯ ಸಂಗದಲ್ಲಿ ಹೆಚ್ಚು ಕಾಲ ಕಳೆದಿರುತ್ತದೆ. ಮೇಲಿನ ನೀರನ್ನು ಉಳ್ಳವರ ಪಂಪುಗಳು ಕುಡಿದ ಮೇಲೆ, ತಳದ ನೀರು ಕೇರಿಯ ಬಿಂದಿಗೆಗೆ. ಶುದ್ಧ ನೀರಿನ ಘಟಕ ಇದೆಯಲ್ಲ ಅನ್ನಬಹುದು. ಇದೆ, ಕಾಸು ಹಾಕಿದರೆ. ಹಿಂದೆ ಶುದ್ಧಿಗೆ ಜಾತಿ ಬೇಕಿತ್ತು, ಈಗ ನಾಣ್ಯ ಬೇಕು.

ಇನ್ನು ಅಳತೆಯ ಮಾತು. ಲೀಟರ್ ನೀರಿನಲ್ಲಿ 30 ಮೈಕ್ರೋಗ್ರಾಂ ಯುರೇನಿಯಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಗೆರೆ 60. ಅದೇ ನೀರು, ಅದೇ ಮೂತ್ರಪಿಂಡ, ಗೆರೆ ಮಾತ್ರ ಎರಡು! ಅಂದರೆ ಸುರಕ್ಷತೆಯ ಗೆರೆ ಪ್ರಕೃತಿ ಎಳೆದದ್ದಲ್ಲ. ಯಾರೋ ಕೂತು, ಇಷ್ಟು ಅಪಾಯ ಇವರು ಸಹಿಸಲಿ ಅಂತ ತೀರ್ಮಾನಿಸಿದ್ದು. ಕುಡಿಯುವವರನ್ನು ಆ ಸಭೆಗೆ ಕರೆದಿದ್ದರೇ?

ಈ ಭಾಗದ ಅಂತರ್ಜಲದಲ್ಲಿ ರೇಡಾನ್ ಅಳೆದ ವಿಜ್ಞಾನಿಗಳಿದ್ದಾರೆ. ಅವರ ಅಂಕಿಗಳು ಇಂಗ್ಲಿಷ್ ಪತ್ರಿಕೆಗಳಲ್ಲಿವೆ. ನೀರು ಕೇರಿಯಲ್ಲಿದೆ. ತಿಳಿಸಿದರೆ ಜನ ಹೆದರುತ್ತಾರೆ ಅನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಸುಳ್ಳು ಮೈಲಿಗೆಯ ಹೆಸರಲ್ಲಿ ನಮ್ಮನ್ನು ಸಾವಿರಾರು ವರ್ಷ ಹೆದರಿಸಿದಿರಿ. ನಿಜವಾದದ್ದಕ್ಕೆ ಹೆದರಬೇಕೋ ಬೇಡವೋ, ಅದನ್ನು ನಾವೇ ನಿರ್ಧರಿಸುತ್ತೇವೆ.

ಗೆಳೆಯರೇ, ಮೇಷ್ಟ್ರುಗಳೇ, ಪ್ರತಿ ಕೊಳವೆ ಬಾವಿಯ ನೀರನ್ನು ಅಳೆಯಿರಿ ಅಂತ ಗ್ರಾಮಸಭೆಯಲ್ಲಿ ಕೇಳೋಣ. ಬಂದ ಅಂಕಿಯನ್ನು ಓವರ್‌ಹೆಡ್ ಟ್ಯಾಂಕಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸೋಣ. ಮಹಾಡದಲ್ಲಿ ನಾವು ನೀರು ಮುಟ್ಟುವ ಹಕ್ಕು ಕೇಳಿದೆವು. ಈಗ ಕೇಳುತ್ತಿರುವುದು ಆ ನೀರಿನಲ್ಲಿ ಏನಿದೆ ಅಂತ ತಿಳಿಯುವ ಹಕ್ಕು.