ಅಳತೆಯೂ ಸತ್ಯವೂ

ಚಳ್ಳಕೆರೆಯ ನಮ್ಮ ಕಾಲೇಜಿನ ವಸ್ತುಪ್ರದರ್ಶನಕ್ಕೆಂದು ಹುಡುಗರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಥರ್ಮೋಕೋಲಿನಲ್ಲಿ ಕೊರೆದಿದ್ದರು. ಹಾಳೆಯ ಮೇಲೆ ಹಾಳೆ ಅಂಟಿಸಿ, ಕಾದ ತಂತಿಯಿಂದ ಕತ್ತರಿಸಿ, ಬಣ್ಣ ಬಳಿದಿದ್ದರು. ಬೆಟ್ಟವೇನೋ ಚೆನ್ನಾಗಿತ್ತು, ಆದರೆ ಅದರ ಬುಡದಲ್ಲಿ ಅಶೋಕನ ಶಾಸನದ ಬಂಡೆ ಅಂಗೈಯಷ್ಟಿತ್ತು.

“ಅಳತೆ ತಪ್ಪಿತಲ್ಲಪ್ಪ?” ಎಂದೆ. ಅವರೇ ಇಟ್ಟುಕೊಂಡ ಸಾವಿರಕ್ಕೊಂದರ ಲೆಕ್ಕದಲ್ಲಿ ಐದು ಮೀಟರಿನ ಬಂಡೆಯೂ ಅಕ್ಕಿಕಾಳಿನಷ್ಟೇ ಆಗಬೇಕು.

“ಅಳತೆಗೆ ಮಾಡಿದರೆ ಬಂಡೆ ಕಾಣೋದೇ ಇಲ್ಲ ಸಾರ್. ಜನ ನೋಡೋಕೆ ಬರೋದೇ ಅದನ್ನ.”

1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಆ ಶಾಸನ, ತಂದೆತಾಯಿಗಳ ಸೇವೆಯೊಡನೆ ಸತ್ಯವನ್ನು ನುಡಿಯಬೇಕೆಂದೂ ವಿಧಿಸುತ್ತದೆ. ಸತ್ಯ ಹೇಳುವ ಕಲ್ಲನ್ನು ತೋರಿಸಲು ಸುಳ್ಳು ಅಳತೆ ಸಲ್ಲುವುದೆ? ಸಲ್ಲುತ್ತದೆಂದೇ ನನ್ನ ಮನಸ್ಸು ವಾಲಿತು. ಕಿರಿದು ಮಾಡುವವನು ಯಾವುದನ್ನಾದರೂ ಹಿಗ್ಗಿಸಲೇಬೇಕು. ಭೂಪಟದ ರಸ್ತೆಯೂ ಅಳತೆಗಿಂತ ಅಗಲವೇ. ಸಾವಿರ ವರ್ಷದ ಸಾಹಿತ್ಯವನ್ನು ಒಂದು ಗಂಟೆಯ ಪಾಠಕ್ಕೆ ಇಳಿಸುವಾಗ ನಾನು ಮಾಡುವುದೂ ಅದನ್ನೇ.

ಅಷ್ಟರಲ್ಲಿ ಬೆಟ್ಟದ ಕೆಳಗಿನ ಊರಿನ ಹುಡುಗನೊಬ್ಬ ಮೆಲ್ಲಗೆ ಕೇಳಿದ: “ನಮ್ಮ ಶೇಂಗಾ ಹೊಲ ಎಲ್ಲಿ ಸಾರ್?” ಹಿಗ್ಗಿದ ಬಂಡೆಯ ಅಡಿಯಲ್ಲಿ ಅವರ ಹೊಲ ಅಡಗಿಹೋಗಿತ್ತು.

ಹಿಗ್ಗಿಸುವುದಕ್ಕೆ ಕ್ಷಮೆಯಿದೆ, ಆದರೆ ಅದರಿಂದ ಯಾರ ನೆಲ ಮರೆಯಾಯಿತೆಂಬುದನ್ನು ನೋಡುವವರಿಗೆ ತಿಳಿಸುವ ಹೊಣೆ ಹಿಗ್ಗಿಸಿದವನದೇ ಎಂದು ಆಗ ತೋರಿತು. ಬಂಡೆಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದೆವು: “ಈ ಕಲ್ಲು ಅಳತೆಗಿಂತ ದೊಡ್ಡದು, ಇದರ ಕೆಳಗೆ ಹೊಲಗಳಿವೆ.”

ನನ್ನ ಪಾಠಗಳಿಗೆ ಅಂಥ ಚೀಟಿಯನ್ನು ನಾನಿನ್ನೂ ಅಂಟಿಸಿಲ್ಲ.